ನಾಲ್ಕೂವರೆ ಚಾಪೆ ರೂಮು

ಬಾಗಿಲು ತೆಗೆದು ಒಳಗೆ ಹೋಗಿ ಗೋಡೆ ಮೇಲಿನ ಸ್ವಿಚ್ ಒತ್ತಿದೆ, ಲೈಟ್ ಬರ್ಲಿಲ್ಲ. ಬಾಗಿಲ ಮೇಲಿದ್ದ ಬ್ರೇಕರ್ ಎತ್ತಿದೆ, ಆಗ್ಲೂ ಬರ್ಲಿಲ್ಲ. ಮೊಬೈಲ್ ಟಾರ್ಚ್ ಹಾಕ್ಕೊಂಡು ತಲೆ ಎತ್ತಿ ನೋಡ್ದಾಗ ಗೊತ್ತಾಯ್ತು, ಸೀಲಿಂಗಲ್ಲಿ ಲೈಟೇ ಇಲ್ಲ, ಲೈಟ್ ಸಿಗಿಸೋಕೆ ಒಂದು ದುಂಡನೆ ಪ್ಲಾಸ್ಟಿಕ್ ಹೋಲ್ಡರ್ ಮಾತ್ರ ಇದೆ. ಟೋಕಿಯೋದಲ್ಲಿ ಖಾಲಿ ರೂಮ್ ಅಂದ್ರೆ ನಿಜವಾಗ್ಲೂ ಖಾಲಿ, ಹಿಂದೆ ಇದ್ದವ್ರು ಹೋಗೋವಾಗ ಲೈಟು, ಕರ್ಟನ್ನು, ಗ್ಯಾಸ್ ಒಲೆ ಎಲ್ಲಾ ಬಿಚ್ಕೊಂಡು ಹೋಗಿರ್ತಾರೆ, ಹೊಸಬರು ತಮ್ದು ತಾವು ತರ್ಬೇಕು. ನಂಗೆ ಇದನ್ನ ಯಾರೂ ಹೇಳಿರ್ಲಿಲ್ಲ, ಹೇಳೋ ವಿಷಯ ಅಂತ ಇಲ್ಲಿ ಯಾರಿಗೂ ಅನ್ಸೋದೂ ಇಲ್ಲ.

2024ರ ಮಾರ್ಚ್ ತಿಂಗಳು, ಹೊರಗೆ ಒಳ್ಳೆ ಚಳಿ. ಕರ್ಟನ್ ಇಲ್ಲದ ಕಿಟಕಿಯಿಂದ ಬೀದಿ ದೀಪದ ಬೆಳಕು ಬಂದು ನೆಲಕ್ಕೇ ಹಾಸಿರೋ ತತಾಮಿ ಅನ್ನೋ ಹುಲ್ಲಿನ ಚಾಪೆ ಮೇಲೆ ಬಿದ್ದಿತ್ತು, ಆ ಬೆಳಕಲ್ಲೇ ಸೂಟ್‌ಕೇಸ್ ತೆಗ್ದು ಇದ್ದ ಬದ್ದ ಸ್ವೆಟರ್ ಎಲ್ಲಾ ಹಾಕ್ಕೊಂಡು ಜಾಕೆಟ್ ಹೊದ್ಕೊಂಡು ಮಲಗಿದೆ. ನಿದ್ದೆ ಬರ್ಲಿಲ್ಲ ಆದ್ರೆ ಮನಸ್ಸಿಗೆ ಒಂದು ಸಮಾಧಾನ ಇತ್ತು, ಎರಡು ತಿಂಗ್ಳು ಅಲೆದು ಅಲೆದು ಕೊನೆಗೂ ಒಂದು ಬೀಗದ ಕೈ ನನ್ನ ಜೇಬಲ್ಲಿ ಇತ್ತು ಅಂತ.

ರೂಮ್ ಇರೋದು ಕಿತಾ ವಾರ್ಡಿನ ಜೂಜೋದಲ್ಲಿ, ಸೈಕ್ಯೋ ಲೈನಲ್ಲಿ ಇಕೆಬುಕುರೋ ಬಿಟ್ರೆ ಎರಡನೇ ಸ್ಟೇಷನ್. ಸೈಜು ನಾಲ್ಕೂವರೆ ಜೋ. ಜೋ ಅಂದ್ರೆ ಒಂದು ತತಾಮಿ ಚಾಪೆ ಅಳತೆ, ಜಾಹೀರಾತಲ್ಲಿ ಒಂದು ಜೋ ಅಂತ ಬರೀಬೇಕಾದ್ರೆ ಕಡಿಮೆ ಅಂದ್ರೂ 1.62 ಚದರ ಮೀಟರ್ ಇರ್ಬೇಕು ಅಂತ ರೂಲ್ಸ್ ಇದೆ, ಅದ್ರ ಲೆಕ್ಕದಲ್ಲಿ ನನ್ನ ರೂಮು 7.3 ಚದರ ಮೀಟರ್ ಹತ್ರ ಹತ್ರ. ನಾಲ್ಕು ಚಾಪೆ ಸುತ್ತಲೂ ಗಿರಗಿಟ್ಲೆಯ ರೆಕ್ಕೆ ಥರ ಹಾಕಿ ನಡುವೆ ಅರ್ಧ ಚಾಪೆ ಕೂರ್ಸಿರ್ತಾರೆ. ಪಕ್ಕದಲ್ಲಿ ಒಬ್ರು ನಿಂತ್ರೆ ತುಂಬೋ ಅಡುಗೆ ಜಾಗ, ಒಂದು ಟಾಯ್ಲೆಟ್ಟು, ಗೋಡೆ ಒಳಗೆ ಓಶಿಇರೆ ಅಂತ ಎರಡು ಅಂತಸ್ತಿನ ದೊಡ್ಡ ಕಪಾಟು. ಬಚ್ಚಲು ಇಲ್ಲ. ಹೌದು, ಸ್ನಾನಕ್ಕೆ ಜಾಗ ಇಲ್ಲದ ರೂಮು, ಅದಕ್ಕೇ ಬಾಡಿಗೆ 36,000 ಯೆನ್, ಅದ್ರ ಮೇಲೆ ಮೇಂಟೆನೆನ್ಸ್ 2,000.

ಯಾಕೆ ಇಷ್ಟು ಚಿಕ್ಕದು ಅಂತ ಕೇಳ್ತಾರೆ. ಲೆಕ್ಕ ಹಾಕಿ ನೋಡಿ. ನಾನು ಓದಕ್ಕೆ ಬಂದವನು, ಸ್ಟೂಡೆಂಟ್ ವೀಸಾದಲ್ಲಿ ಪರ್ಮಿಷನ್ ತಗೊಂಡ್ರೆ ವಾರಕ್ಕೆ 28 ಗಂಟೆ ಮಾತ್ರ ಪಾರ್ಟ್ ಟೈಮ್ ಮಾಡ್ಬಹುದು. ಟೋಕಿಯೋದ ಕನಿಷ್ಠ ಕೂಲಿ ನಾನು ಈ ರೂಮಿಗೆ ಬಂದಾಗ ಗಂಟೆಗೆ 1,113 ಯೆನ್ ಇತ್ತು, 2024ರ ಅಕ್ಟೋಬರಲ್ಲಿ 1,163 ಆಯ್ತು. ನಾಲ್ಕು ವಾರ ಒಂದು ಗಂಟೆನೂ ತಪ್ಪಿಸದೆ ಮಾಡಿದ್ರೆ 1,30,256 ಯೆನ್. ಅದ್ರಲ್ಲಿ ಬಾಡಿಗೆ, ಕರೆಂಟು, ಗ್ಯಾಸು, ಫೋನು, ಹೆಲ್ತ್ ಇನ್ಶೂರೆನ್ಸು, ಊಟ. ಅದೂ 2024ರ ಬೇಸಿಗೆವರೆಗೆ 2,000 ಚಿಲ್ಲರೆ ಇದ್ದ 5 ಕೆಜಿ ಅಕ್ಕಿ ಚೀಲ 2025ರ ವಸಂತಕ್ಕೆ 4,000 ದಾಟಿದ ಊರಲ್ಲಿ. ಬಾಡಿಗೆ ಒಂದೇ ನಾನು ಮೊದ್ಲೇ ಹಿಡಿತದಲ್ಲಿ ಇಟ್ಕೋಬಹುದಾಗಿದ್ದ ಖರ್ಚು, ಹಾಗಾಗಿ ಅಲ್ಲೇ ಬಿಗಿ ಮಾಡ್ದೆ.

ರೂಮ್ ಹುಡುಕಿದ ಕಥೆ ಹೇಳ್ಲೇಬೇಕು. ಏಜೆಂಟ್ ಆಫೀಸಲ್ಲಿ ಕೂತಿರ್ತೀವಿ, ಅವ್ರು ನಮ್ಮ ಮುಂದೇನೇ ಓನರಿಗೆ ಫೋನ್ ಮಾಡಿ "ವಿದೇಶಿಯವರು ಒಬ್ರು ಇದಾರೆ, ಪರವಾಗಿಲ್ವಾ" ಅಂತ ಕೇಳ್ತಾರೆ, ಆ ಕಡೆಯಿಂದ ಏನೋ ಹೇಳ್ತಾರೆ, ಇವ್ರು ಫೋನಿಗೇ ತಲೆ ಬಗ್ಗಿಸಿ ಇಟ್ಟು ನನ್ನ ಕಡೆ ತಿರುಗಿ ಎರಡು ಕೈ ಬೆರಳು ಅಡ್ಡ ಹಿಡಿದು ತೋರಿಸ್ತಾರೆ, ಇಲ್ಲ ಅಂತ. ಒಂದೇ ಮಧ್ಯಾಹ್ನ ಐದು ಸಲ ಆ ಅಡ್ಡ ಬೆರಳು ನೋಡಿದೀನಿ. ಜಪಾನಿನ ಕಾನೂನು ಇಲಾಖೆಯವ್ರೇ ಮಾಡಿಸಿ 2017ರಲ್ಲಿ ಹೊರಗೆ ತಂದ ಒಂದು ಸರ್ವೆ ಇದೆ, ಮನೆ ಹುಡುಕಿದ ವಿದೇಶಿಯರಲ್ಲಿ ನೂರಕ್ಕೆ ಸುಮಾರು 40 ಜನಕ್ಕೆ ವಿದೇಶಿ ಅನ್ನೋ ಕಾರಣಕ್ಕೇ ಇಲ್ಲ ಅಂದಿದ್ರಂತೆ. ಆ ನಂಬರ್ ಓದಿದ್ಮೇಲೆ ನಂಗೆ ಸ್ವಲ್ಪ ಧೈರ್ಯ ಬಂತು, ನನ್ನಲ್ಲೇ ಏನೋ ಕೊರತೆ ಇದೆ ಅನ್ನೋ ಭಾವನೆ ಹೋಯ್ತು. ಈಗ ಹುಡುಕ್ತಾ ಇರೋವ್ರಿಗೆ ಅದಕ್ಕೇ ಇದನ್ನ ಹೇಳ್ತಿದೀನಿ, ಬೇಜಾರಾಗತ್ತೆ, ಆದ್ರೆ ಅದು ನಿಮ್ಮ ತಪ್ಪಲ್ಲ.

ಹುಡುಕೋವಾಗ ಕಲ್ತಿದ್ದು ಕೆಲವು. ಸ್ಟೇಷನ್ನಿಂದ ನಡಿಗೆ 9 ನಿಮಿಷ ಅಂತ ಹಾಕಿದ್ರೆ ಅದು ಅಂದಾಜಲ್ಲ, 80 ಮೀಟರಿಗೆ ಒಂದು ನಿಮಿಷ ಅಂತ ಲೆಕ್ಕ, ಸಿಗ್ನಲಲ್ಲಿ ನಿಲ್ಲೋದು, ಏರು ದಾರಿ ಯಾವ್ದೂ ಸೇರಲ್ಲ, ಹಾಗಾಗಿ ಒಂದ್ಸಲ ನಡೆದೇ ನೋಡಿ. ಇನ್ನೊಂದು ಇದಕ್ಕಿಂತ ದೊಡ್ಡದು, ಬಿಲ್ಡಿಂಗ್ ಯಾವಾಗ ಕಟ್ಟಿದ್ದು ಅನ್ನೋದು. 1981ರ ಜೂನ್ 1ರಿಂದ ಭೂಕಂಪದ ಹೊಸ ನಿಯಮ ಜಾರಿಗೆ ಬಂತು, ಅದಕ್ಕಿಂತ ಹಳೇ ಮರದ ಮನೆಗಳು ಇನ್ನೂ ಬಾಡಿಗೆಗೆ ಸಿಗ್ತವೆ, ಇನ್ನೂ ಐದಾರು ಸಾವಿರ ಕಮ್ಮಿಗೇ ಸಿಗ್ತವೆ. ನಾನು ಜಾಗದಲ್ಲಿ ರಾಜಿ ಆದೆ, ಬಚ್ಚಲಲ್ಲಿ ರಾಜಿ ಆದೆ, ಇದ್ರಲ್ಲಿ ಆಗ್ಲಿಲ್ಲ. ನನ್ನ ಬಿಲ್ಡಿಂಗ್ 1983ರದ್ದು. ಮರದ್ದೇ, ಎರಡು ಅಂತಸ್ತು, ಹೊರಗಡೆ ಕಬ್ಬಿಣದ ಮೆಟ್ಟಿಲು.

ಆಮೇಲೆ ದುಡ್ಡು. 36,000ದ ರೂಮಿಗೆ ಮೊದಲ ದಿನ ನಾನು ಕಟ್ಟಿದ್ದು ಎಷ್ಟು ಅಂದ್ರೆ, ಶಿಕಿಕಿನ್ ಅಂತ ಡೆಪಾಸಿಟ್ ಒಂದು ತಿಂಗ್ಳದ್ದು 36,000, ಏಜೆಂಟ್ ಕಮಿಷನ್ ಟ್ಯಾಕ್ಸ್ ಸೇರಿ 39,600, ಶ್ಯೂರಿಟಿ ಹಾಕೋಕೆ ಗೊತ್ತಿರೋ ಜನ ಇಲ್ಲದವ್ರಿಗೆ ಅಂತ ಇರೋ ಗ್ಯಾರಂಟಿ ಕಂಪನಿಗೆ 19,000, ಬೆಂಕಿ ಇನ್ಶೂರೆನ್ಸ್ 15,000, ಬೀಗ ಬದಲಾಯಿಸೋಕೆ 16,500, ಮೊದಲ ತಿಂಗಳ ಬಾಡಿಗೆ ಮೇಂಟೆನೆನ್ಸ್ ಸೇರಿ 38,000. ಒಟ್ಟು 1,64,100 ಯೆನ್, ಬಾಡಿಗೆಯ ನಾಲ್ಕೂವರೆ ಪಟ್ಟು. ರೇಕಿನ್ ಅಂತ ಇನ್ನೊಂದು ಇದೆ, ಓನರಿಗೆ ಧನ್ಯವಾದ ಅಂತ ಕೊಡೋ ದುಡ್ಡು, ವಾಪಸ್ ಬರಲ್ಲ, ನನ್ನ ರೂಮಿಗೆ ಅದು ಇರ್ಲಿಲ್ಲ. ಇದ್ದಿದ್ರೆ ನಾನು ತಗೊಳ್ಳೋಕೆ ಆಗ್ತಾನೇ ಇರ್ಲಿಲ್ಲ. ತಿಂಗಳ ಬಾಡಿಗೆ ನೋಡ್ಕೊಂಡು ಬಜೆಟ್ ಹಾಕಿ ಬರೋವ್ರು ಇಲ್ಲೇ ಮುಗ್ಗರಿಸೋದು.

ಬಂದ ಮೂರನೇ ದಿನ ಗ್ಯಾಸ್‌ನವ್ರು ಬಂದ್ರು. ಕರೆಂಟ್, ನೀರು ಆನ್‌ಲೈನಲ್ಲೇ ಹೇಳಿದ್ರೆ ಶುರು ಆಗತ್ತೆ, ಗ್ಯಾಸಿಗೆ ಮಾತ್ರ ನಾವು ಮನೇಲಿದ್ದು ಅವ್ರು ಬಂದು ತೆರೀಬೇಕು, ಮಾರ್ಚ್ ಕೊನೇಲಿ ಇಡೀ ಊರೇ ಮನೆ ಬದಲಾಯಿಸೋದ್ರಿಂದ ಅವ್ರ ಟೈಮ್ ಸಿಗೋದೂ ಕಷ್ಟ. ಅಷ್ಟರಲ್ಲಿ ನಾನು ಒಂದು ಸೆಕೆಂಡ್ ಹ್ಯಾಂಡ್ ಒಲೆ ತಂದಿದ್ದೆ. ಅವ್ರು ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಬಂದು ಮೊದಲು ಮಾಡಿದ್ದು ಒಲೆ ಎತ್ತಿ ಅದ್ರ ಪಕ್ಕದ ಸ್ಟಿಕರ್ ನೋಡಿದ್ದು. ಊರಿಗೆಲ್ಲ ಪೈಪಲ್ಲಿ ಬರೋ ಗ್ಯಾಸ್ ಬೇರೆ, ಸಿಲಿಂಡರ್ ಪ್ರೊಪೇನ್ ಬೇರೆ, ಎರಡಕ್ಕೂ ಒಲೆ ಬೇರೆ ಬೇರೆ, ನನ್ನ ಬಿಲ್ಡಿಂಗಿಗೆ ಬರೋದು ಪೈಪ್ ಗ್ಯಾಸು, ಒಲೆ ಮೇಲೂ ಅದೇ ಬರೆದಿತ್ತು, ಸದ್ಯ. ರಬ್ಬರ್ ಪೈಪು ಹೊಸದು ಹಾಕಿ ಲೀಕ್ ಚೆಕ್ ಮಾಡಿ ನನ್ನನ್ನ ಹೊರಗೆ ಮೀಟರ್ ಹತ್ರ ಕರ್ಕೊಂಡು ಹೋದ್ರು. ಜಪಾನಿ ಅಳತೆಯಲ್ಲಿ ತೀವ್ರತೆ 5 ಅಥವಾ ಅದಕ್ಕಿಂತ ಜೋರಾಗಿ ಭೂಮಿ ಅಲ್ಲಾಡಿದ್ರೆ ಮೀಟರ್ ತಾನೇ ಗ್ಯಾಸ್ ನಿಲ್ಲಿಸತ್ತೆ, ಮತ್ತೆ ಶುರು ಮಾಡಕ್ಕೆ ಒಳಗಿನ ಗ್ಯಾಸ್ ಎಲ್ಲಾ ಆಫ್ ಮಾಡಿ ಈ ಬಟನ್ ಒತ್ತಿ ಮೂರು ನಿಮಿಷ ಕಾಯ್ಬೇಕು, ಕೆಂಪು ಲೈಟ್ ಮಿಣುಕೋದು ನಿಂತ್ರೆ ಆಯ್ತು, ಅಂತ ನಿಧಾನವಾಗಿ, ನಂಗೆ ಅರ್ಥ ಆಗೋ ಸುಲಭ ಜಪಾನೀಸಲ್ಲಿ ಎರಡು ಸಲ ಹೇಳಿದ್ರು. ನನ್ನ ಬೆರಳು ಹಿಡಿದು ಬಟನ್ ಎಲ್ಲಿದೆ ಅಂತ ಮುಟ್ಟಿಸಿದ್ರು, "ಕತ್ತಲಲ್ಲಿ ಹುಡುಕ್ಬೇಕಾಗ್ಬಹುದು" ಅಂದ್ರು. ಅವತ್ತು ಸಾಯಂಕಾಲ ಮಾಡಿದ ಬಿಸಿ ಅನ್ನ ನಂಗೆ ಇನ್ನೂ ನೆನಪಿದೆ.

ಅದಾದ್ಮೇಲೆ ತಲೆ ದಿಕ್ಕಿಗೆ ಎತ್ತರದ ಸಾಮಾನು ಯಾವ್ದೂ ಇಡ್ಲಿಲ್ಲ. ಪುಸ್ತಕ ಎಲ್ಲಾ ಓಶಿಇರೆಯ ಕೆಳಗಿನ ಅಂತಸ್ತಲ್ಲಿ, ಗೋಡೆಗೆ ಏನೂ ನೇತು ಹಾಕಿಲ್ಲ.

ಕರೆಂಟ್ ಕಥೆ ಬೇರೆ. ನನ್ನ ರೂಮಿನ ಕಾಂಟ್ರಾಕ್ಟ್ 20 ಆಂಪಿಯರ್, ಆಂಪಿಯರ್ ಜಾಸ್ತಿ ಆದ್ರೆ ತಿಂಗಳ ಫಿಕ್ಸೆಡ್ ಚಾರ್ಜೂ ಜಾಸ್ತಿ. ಇಲ್ಲಿ 100 ವೋಲ್ಟ್, ಅಂದ್ರೆ ಒಂದ್ಸಲಕ್ಕೆ ಸುಮಾರು 2,000 ವಾಟ್ ಅಷ್ಟೆ. ಕೆಟಲ್ 1,300 ವಾಟ್, ಮೈಕ್ರೋವೇವ್ 1,000ದ ಮೇಲೆ, ಎರಡೂ ಒಟ್ಟಿಗೆ ಹಾಕಿದ್ರೆ ಟಕ್ ಅಂತ ಬ್ರೇಕರ್ ಬೀಳತ್ತೆ, ಇಡೀ ರೂಮ್ ಕತ್ತಲು. ಈಗ ನೀರು ಕಾಯೋವರೆಗೂ ಏನೂ ಹಾಕಲ್ಲ, ಕೈಗೇ ಅಭ್ಯಾಸ ಆಗ್ಬಿಟ್ಟಿದೆ. ಒಸಾಕಾದಿಂದ ಬಂದ ಗೆಳೆಯ ಒಬ್ಬ ಅವನ ಹಳೇ ಮೈಕ್ರೋವೇವ್ ಕೊಟ್ಟಿದ್ದ, ಅದನ್ನ ಹೊತ್ಕೊಂಡು ಮೆಟ್ಟಿಲು ಹತ್ತಿದ್ಮೇಲೆ ಹಿಂದೆ ನೋಡಿದ್ರೆ 60 ಹರ್ಟ್ಸ್ ಮಾತ್ರ ಅಂತ ಬರೆದಿದೆ. ಜಪಾನಲ್ಲಿ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60, 1890ರ ದಶಕದಲ್ಲಿ ಟೋಕಿಯೋದವ್ರು ಜರ್ಮನಿಯ ಜನರೇಟರ್ ತಂದ್ರು, ಒಸಾಕಾದವ್ರು ಅಮೆರಿಕದ್ದು ತಂದ್ರು, ಇವತ್ತಿಗೂ ಹಾಗೇ ಉಳ್ಕೊಂಡಿದೆ. ಆ ಮೈಕ್ರೋವೇವ್ ಅವನಿಗೇ ವಾಪಸ್ ಕೊಟ್ಟು, ಎರಡಕ್ಕೂ ನಡೆಯೋ ಇನ್ನೊಂದನ್ನ ಸೆಕೆಂಡ್ ಹ್ಯಾಂಡ್ ಅಂಗಡೀಲಿ ತಗೊಂಡೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಚಿಕ್ಕ ರೂಮಲ್ಲಿ ಇರೋದು ಅಂದ್ರೆ ಜಾಗ ಸಾಲದೆ ಒದ್ದಾಡೋದು ಅಂತ ನಾನೂ ಅನ್ಕೊಂಡಿದ್ದೆ. ಹಾಗಲ್ಲ. ಜಾಗ ಸಾಲತ್ತೆ, ಆದ್ರೆ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಸಾಲತ್ತೆ. ಬೆಳಗ್ಗೆ ಎದ್ದ ತಕ್ಷಣ ಹಾಸಿಗೆ ಎತ್ತಿ ಓಶಿಇರೆ ಒಳಗೆ ಇಡ್ಬೇಕು, ಆಗ ಅದು ಓಡಾಡೋ ಜಾಗ. ಕಾಲು ಮಡಚೋ ಪುಟ್ಟ ಟೇಬಲ್ ಎಳೆದ್ರೆ ಊಟದ ಜಾಗ, ತಟ್ಟೆ ತೊಳೆದು ಟೇಬಲ್ ಒರೆಸಿದ್ರೆ ಓದೋ ಜಾಗ, ಟೇಬಲ್ ಎತ್ತಿ ಗೋಡೆಗೆ ಒರಗಿಸಿದ್ರೆ ಮಲಗೋ ಜಾಗ. ಒಂದು ಕೆಲಸ ಮುಗಿಸದೆ ಇನ್ನೊಂದು ಶುರು ಮಾಡೋಕೇ ಆಗಲ್ಲ. ತಟ್ಟೆ ಆಮೇಲೆ ತೊಳೆಯೋಣ ಅಂದ್ರೆ ಪುಸ್ತಕ ಇಡೋಕೆ ಜಾಗ ಇಲ್ಲ, ಬಟ್ಟೆ ನಾಳೆ ಮಡಚೋಣ ಅಂದ್ರೆ ಮಲಗೋಕೆ ಜಾಗ ಇಲ್ಲ. ಮೊದಲ ಎರಡು ತಿಂಗ್ಳು ಇದು ಹಿಂಸೆ ಅನ್ಸ್ತು, ಕೆಲಸದಿಂದ ರಾತ್ರಿ 11ಕ್ಕೆ ಬಂದು ಸುಮ್ನೆ ಬಿದ್ಕೊಳ್ಳೋಣ ಅಂದ್ರೆ ಮೊದಲು ಟೇಬಲ್ ಎತ್ತು, ನೆಲ ಒರೆಸು, ಹಾಸಿಗೆ ಹಾಸು. ಅಮ್ಮ ಫೋನಲ್ಲಿ "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೋ" ಅಂತ ಸಮಾಧಾನ ಮಾಡಿದ್ರು, "ಅಮ್ಮ, ಇಲ್ಲಿ ಹಾಸಿಗೇನೂ ಮಡಚಿ ಇಡ್ಬೇಕು" ಅಂದೆ, ಅವ್ರಿಗೆ ಅರ್ಥ ಆಗ್ಲಿಲ್ಲ, ವಿಡಿಯೋ ಮಾಡಿ ತೋರಿಸ್ದೆ, ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು "ನೀನು ಹಾಸಿಗೆ ಮಡಚೋದು ಇದೇ ಮೊದಲ ಸಲ ನೋಡ್ತಿದೀನಿ" ಅಂದ್ರು.

ಎತ್ತಿಡೋದು ಬರೀ ಜಾಗಕ್ಕೋಸ್ಕರ ಅಲ್ಲ ಅಂತ ಗೊತ್ತಾಗಿದ್ದು ಮೊದಲ ಮಳೆಗಾಲದಲ್ಲಿ. ಟೋಕಿಯೋದಲ್ಲಿ ಸಾಮಾನ್ಯವಾಗಿ ಜೂನ್ ಮೊದಲ ವಾರದ ಹೊತ್ತಿಗೆ ಶುರು ಆಗಿ ಜುಲೈ ಮಧ್ಯ ದಾಟೋವರೆಗೂ ತ್ಸುಯು ಅನ್ನೋ ಮಳೆ, 2024ರಲ್ಲಿ ಅದು ಬಂದಿದ್ದೇ ಜೂನ್ 20 ಕಳೆದ ಮೇಲೆ. ಪರೀಕ್ಷೆ ಇತ್ತು, ಕೆಲಸನೂ ಇತ್ತು, ಐದು ದಿನ ಹಾಸಿಗೆ ಎತ್ತದೆ ಹಾಗೇ ಬಿಟ್ಟಿದ್ದೆ. ಆರನೇ ದಿನ ಎತ್ತಿದ್ರೆ ಕೆಳಗೆ ತತಾಮಿ ಮೇಲೆ ನನ್ನ ಬೆನ್ನಿನ ಅಗಲಕ್ಕೆ ಹಸಿರು ಬಣ್ಣದ ಬೂಷ್ಟು. ಹತ್ರದಿಂದ ನೋಡಿದ್ರೆ ಪುಡಿ ಚೆಲ್ಲಿದ ಹಾಗೆ, ಹುಲ್ಲಿನ ಎಳೆ ಎಳೆ ನಡುವೆ ಕೂತಿತ್ತು, ಮುಟ್ಟಿದ್ರೆ ತೇವ. ಹಾಸಿಗೆ ಅಡಿಯಲ್ಲೂ ಕಪ್ಪು ಚುಕ್ಕೆ. ವಾಸನೆ ಮೊದ್ಲಿಂದ ಬರ್ತಾ ಇತ್ತು, ನಾನು ಅದು ಮಳೆ ವಾಸನೆ ಅನ್ಕೊಂಡಿದ್ದೆ.

ನಂಗೆ ನಿಜವಾಗ್ಲೂ ಭಯ ಆಯ್ತು, ಡೆಪಾಸಿಟ್ ಹೋಯ್ತು ಅಂತ. ಇದ್ರ ಬಗ್ಗೆ ಸರ್ಕಾರದ ಗೈಡ್‌ಲೈನ್ ಇದೆ, 1998ರಿಂದ ಇದೆ, 2020ರ ಏಪ್ರಿಲಿಂದ ಸಿವಿಲ್ ಕೋಡಲ್ಲೇ ಸೇರಿದೆ, ಬಿಸಿಲಿಗೆ ತತಾಮಿ ಬಣ್ಣ ಹೋದ್ರೆ, ಸಾಮಾನ್ಯ ಬಳಕೆಗೆ ಸವೆದ್ರೆ ಅದು ಓನರ್ ಖರ್ಚು, ಬಾಡಿಗೆದಾರರು ಕೊಡ್ಬೇಕಿಲ್ಲ. ಆದ್ರೆ ನೋಡ್ಕೊಳ್ಳದೆ ಬಿಟ್ಟು ಬೂಷ್ಟು ಬಂದ್ರೆ ಅದು ನಮ್ಮ ಮೇಲೆ. ಮನೆಗೆ ಬಂದ ದಿನ ಗೋಡೆ, ನೆಲ, ಸಿಂಕು ಎಲ್ಲದ್ರ ಫೋಟೋ ತೆಗೆದಿಟ್ಟಿದ್ದೆ, ಎಲ್ರೂ ತೆಗೀಬೇಕು, ಆದ್ರೆ ಈ ವಿಷಯಕ್ಕೆ ಆ ಫೋಟೋ ಉಪಯೋಗಕ್ಕೆ ಬರಲ್ಲ ಅಂತ ಗೊತ್ತಿತ್ತು.

ಕೆಳಗಿನ ಮನೇಲಿ ಓಯಾ-ಸಾನ್ ಇದಾರೆ, ಓನರಿಗೆ ಇಲ್ಲಿ ಹಾಗೇ ಕರೆಯೋದು, ಎಂಬತ್ತರ ಹತ್ರ ವಯಸ್ಸಿನ ಅಜ್ಜಿ. ಮುಚ್ಚಿಡೋದಾ ಹೇಳೋದಾ ಅಂತ ಅರ್ಧ ದಿನ ಯೋಚನೆ ಮಾಡಿ ಕೊನೆಗೆ ಹೋಗಿ ಹೇಳಿದೆ. ಅವ್ರು ಮುಖ ಏನೂ ಮಾಡ್ಕೊಳ್ಲಿಲ್ಲ, ಒಳಗೆ ಹೋಗಿ ಎಥನಾಲ್ ಬಾಟ್ಲು, ಒಂದು ಹಳೇ ಬ್ರಷ್ಷು, ಒಣ ಬಟ್ಟೆ ತಗೊಂಡು ನನ್ನ ಜೊತೆ ಮೆಟ್ಟಿಲು ಹತ್ತಿ ಬಂದ್ರು. ಕಿಟಕಿ ಎಲ್ಲಾ ತೆಗೆಸಿದ್ರು, ಒಲೆ ಆಫ್ ಇದೆ ಅಂತ ಕೈಯಾರೆ ನೋಡಿದ್ರು, ಆಮೇಲೆ ನೆಲದ ಮೇಲೆ ಮಂಡಿ ಊರಿ ಎಥನಾಲ್ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಹುಲ್ಲಿನ ಎಳೆ ಯಾವ ಕಡೆ ಹೋಗಿದೆಯೋ ಆ ಕಡೆಗೇ ಬ್ರಷ್ ಎಳೆದ್ರು, ಅಡ್ಡಡ್ಡ ಎಳೆಯೋಕೆ ಬಿಡ್ಲಿಲ್ಲ, ನೀರು ಹಾಕ್ಲೇಬೇಡ, ನೀರು ಅದಕ್ಕೆ ಊಟ ಹಾಕಿದ ಹಾಗೆ ಅಂದ್ರು. ಒಂದು ಗಂಟೆ ಇಬ್ರೂ ಸೇರಿ ಮಾಡಿದ್ವಿ. ಕೊನೇಲಿ ಎದ್ದು ಸೊಂಟ ಹಿಡ್ಕೊಂಡು ನಿಂತು, "ಬೆಳಗ್ಗೆ ಎದ್ದ ತಕ್ಷಣ ಮಡಚ್ಬೇಡ, ಅರ್ಧ ಗಂಟೆ ತಿರುಗಿಸಿ ಹಾಕು, ಮೈ ಶಾಖ ಹೋಗ್ಲಿ, ಆಮೇಲೆ ಒಳಗಿಡು" ಅಂದ್ರು. ಇದನ್ನ ಯಾವ ವಿಡಿಯೋನೂ ನಂಗೆ ಹೇಳಿರ್ಲಿಲ್ಲ. ಮಾರನೇ ದಿನ ನೋಡಿದ್ರೆ ಬಾಗಿಲ ಹತ್ರ ಮರದ ಪಟ್ಟಿ ಜೋಡಿಸಿದ ಸುನೋಕೋ ಹಲಗೆ ಎರಡು ಒರಗಿಸಿಟ್ಟಿದ್ರು, ಒಂದು ಹಾಸಿಗೆ ಅಡಿಗೆ, ಒಂದು ಓಶಿಇರೆ ಒಳಗೆ, ಗಾಳಿ ಆಡ್ಲಿ ಅಂತ. ಆ ಮಳೆಗಾಲ ಪೂರ್ತಿ ಎದುರು ಸಿಕ್ಕಾಗೆಲ್ಲ ಮೊದಲ ಮಾತು "ಹಾಸಿಗೆ ಹೇಗಿದೆ" ಅಂತಾನೇ ಕೇಳೋರು.

ನಂಗೆ ಆ ರೂಮು ನನ್ನ ಮನೆ ಅನ್ಸಕ್ಕೆ ಶುರು ಆಗಿದ್ದು ಆ ದಿನದಿಂದಾನೇ. ಬೀಗದ ಕೈ ಸಿಕ್ಕ ದಿನ ಅಲ್ಲ, ವಾರ್ಡ್ ಆಫೀಸಲ್ಲಿ ರೆಸಿಡೆನ್ಸ್ ಕಾರ್ಡಿನ ಹಿಂದೆ ಹೊಸ ಅಡ್ರೆಸ್ ಬರೆಸ್ಕೊಂಡ ದಿನನೂ ಅಲ್ಲ. (ಆ ಕೆಲಸ ಮನೆ ಬದಲಾಯಿಸಿದ 14 ದಿನದೊಳಗೆ ಆಗ್ಬೇಕು, ಕಿತಾ ವಾರ್ಡ್ ಆಫೀಸ್ ಇರೋದು ಓಜಿಯಲ್ಲಿ, ನಾನು ನಡ್ಕೊಂಡೇ ಹೋದೆ, ಹೆಲ್ತ್ ಇನ್ಶೂರೆನ್ಸ್ ಅಡ್ರೆಸ್ಸೂ ಅಲ್ಲೇ ಮುಗಿಸ್ಕೊಂಡು ಬಂದೆ.)

ಸ್ನಾನದ ವಿಷಯಕ್ಕೆ ಬರೋಣ, ಎಲ್ರೂ ಮೊದಲು ಕೇಳೋದೇ ಅದು. ಸೆಂತೋಗೆ ಹೋಗ್ತೀನಿ, ಅಂದ್ರೆ ಬೀದಿಯ ಸಾರ್ವಜನಿಕ ಸ್ನಾನದ ಮನೆ. 1960ರ ದಶಕದಲ್ಲಿ ಟೋಕಿಯೋದಲ್ಲಿ 2,500ಕ್ಕೂ ಹೆಚ್ಚು ಇತ್ತು, ಮನೆ ಮನೆಗೆ ಬಚ್ಚಲು ಬಂದ್ಮೇಲೆ ಮುಚ್ಚುತ್ತಾ ಬಂದು ಈಗ 500ಕ್ಕಿಂತ ಕಮ್ಮಿ. ರೇಟ್ ಇಡೀ ಟೋಕಿಯೋಗೆ ಒಂದೇ, ನಾನು ಬಂದಾಗ 520 ಯೆನ್ ಇತ್ತು, 2024ರ ಆಗಸ್ಟಿಂದ 550. ಇಲ್ಲಿ ಒಂದು ಲೆಕ್ಕ ಹೇಳ್ತೀನಿ, ಬಚ್ಚಲಿಲ್ಲದ ರೂಮ್ ತಗೊಳ್ಳೋ ಯೋಚನೆ ಇದ್ರೆ ಮೊದಲು ಮಾಡಿ ನೋಡಿ. ದಿನಾ ಹೋದ್ರೆ 30 ದಿನಕ್ಕೆ 16,500, ನನ್ನ 38,000ಕ್ಕೆ ಸೇರಿಸಿದ್ರೆ 54,500. ನಾನು ನೋಡಿ ಬಿಟ್ಟ, ಒಳಗೇ ಸ್ನಾನದ ರೂಮಿದ್ದ ಇನ್ನೊಂದರ ಬಾಡಿಗೆ ಎಲ್ಲಾ ಸೇರಿ 55,000 ಇತ್ತು. ಅಂದ್ರೆ ದಿನಾ ಸ್ನಾನ ಬೇಕು ಅನ್ನೋವ್ರಿಗೆ ಇದ್ರಲ್ಲಿ ಉಳಿತಾಯನೇ ಇಲ್ಲ. ನಾನು ತಿಂಗಳಿಗೆ 17 ದಿನದ ಲೆಕ್ಕ ಇಟ್ಕೊಂಡಿದೀನಿ, 9,350 ಆಗತ್ತೆ, ಮಿಕ್ಕ ದಿನ ಬಿಸಿ ನೀರಲ್ಲಿ ಟವೆಲ್ ಅದ್ದಿ ಮೈ ಒರೆಸ್ಕೊಳ್ಳೋದು, ಬೇಸಿಗೇಲಿ ಕಾಲೇಜಿನ ಜಿಮ್ ಶವರ್. ಉಳಿಯೋದು ತಿಂಗಳಿಗೆ ಏಳು ಸಾವಿರ ಚಿಲ್ಲರೆ. ನಂಗೆ ಅದು ದೊಡ್ಡದು, ಎಲ್ರಿಗೂ ಸರಿ ಹೋಗತ್ತೆ ಅಂತ ಹೇಳಲ್ಲ.

ಮೊದಲ ಸಲ ಹೋದಾಗ ಬಟ್ಟೆ ಇಲ್ದೆ ಅಪರಿಚಿತರ ಮಧ್ಯ ನಿಲ್ಲೋದು ತುಂಬಾ ಕಷ್ಟ ಆಯ್ತು, ಲಾಕರ್ ಮುಂದೆ ಹತ್ತು ನಿಮಿಷ ನಿಂತಿದ್ದೆ. ಒಳಗೆ ಹೋದ್ರೆ ಯಾರೂ ನೋಡ್ಲೇ ಇಲ್ಲ. ಸಾಲಾಗಿ ನಲ್ಲಿ, ಕುಳ್ಳ ಸ್ಟೂಲು, ಎಲ್ರೂ ಗೋಡೆ ಕಡೆ ಮುಖ ಮಾಡಿ ಕೂತು ಮೈ ತಿಕ್ಕೊಳ್ತಾ ಇದ್ರು. ಮೈ ಪೂರ್ತಿ ತೊಳೆದ್ಮೇಲೇ ತೊಟ್ಟಿಗೆ ಇಳೀಬೇಕು, ಟವೆಲ್ ನೀರಿಗೆ ತಾಗಬಾರ್ದು. ಪಕ್ಕದ ತಾತ ಒಬ್ರು ಏನೂ ಮಾತಾಡದೆ ನನ್ನ ನಲ್ಲಿಯ ಬಿಸಿ ತಣ್ಣೀರು ಹದ ಮಾಡಿ ಕೊಟ್ರು. ಎದುರು ಗೋಡೆ ತುಂಬ ಫ್ಯೂಜಿ ಪರ್ವತದ ಚಿತ್ರ, 1912ರಲ್ಲಿ ಕಾಂದಾದ ಒಂದು ಸ್ನಾನದ ಮನೇಲಿ ಮೊದಲು ಬರೆಸಿದ್ದಂತೆ, ಆಮೇಲೆ ಟೋಕಿಯೋ ಎಲ್ಲಾ ಕಡೆ ಹಬ್ಬಿದ್ದು. ಸುಡು ಸುಡು ನೀರಲ್ಲಿ ಕುತ್ತಿಗೆವರೆಗೂ ಮುಳುಗಿ ಆ ಚಿತ್ರ ನೋಡ್ತಾ ಕೂತಾಗ, ಕಾಲು ಪೂರ್ತಿ ಚಾಚಿ ಕೂತಿದೀನಿ ಅಂತ ಅರಿವಾಯ್ತು. ರೂಮಲ್ಲಿ ಹಾಗೆ ಕೂರೋದು ಕಮ್ಮಿ.

ಗೋಡೆ ತುಂಬಾ ತೆಳು. ಪಕ್ಕದವ್ರ ಅಲಾರಾಂ ಬೆಳಗ್ಗೆ 5:40ಕ್ಕೆ ಹೊಡೆಯೋದು ನನ್ನ ತಲೆ ದಿಂಬಿನ ಪಕ್ಕದಲ್ಲೇ ಹೊಡೆದ ಹಾಗಿರತ್ತೆ. ಹಾಗಂದ್ರೆ ನನ್ನದೂ ಅವ್ರಿಗೆ ಕೇಳತ್ತೆ. ಬಂದ ವಾರದಲ್ಲೇ ಎರಡು ಪಕ್ಕದವ್ರಿಗೂ ಕೆಳಗಿನವ್ರಿಗೂ ಒಂದೊಂದು ಟವೆಲ್ ಪ್ಯಾಕ್ ಕೊಟ್ಟು ಹೆಸರು ಹೇಳಿ ತಲೆ ಬಗ್ಗಿಸಿ ಬಂದೆ, ಅದು ಇಲ್ಲಿನ ಹಳೇ ಪದ್ಧತಿ, ಈಗ ಒಂಟಿ ಜನ ಬಹಳ ಮಂದಿ ಮಾಡಲ್ಲ, ಆದ್ರೂ ಮಾಡಿದ್ದು ಒಳ್ಳೇದಾಯ್ತು. ಊರಿಗೆ ಫೋನ್ ಮಾಡೋದು ಹೊರಗಡೆ, ನಡೀತಾ ನಡೀತಾ. ರಾತ್ರಿ ಸೂಟ್‌ಕೇಸ್ ತಂದ್ರೆ ಕಬ್ಬಿಣದ ಮೆಟ್ಟಿಲ ಮೇಲೆ ಎಳೆಯಲ್ಲ, ತಲೆ ಮೇಲೆ ಹೊತ್ಕೊಂಡು ಹತ್ತುತ್ತೀನಿ.

ಕಸ ಕಲಿಯೋಕೆ ಎರಡು ತಿಂಗ್ಳು ಬೇಕಾಯ್ತು. ಸುಡೋ ಕಸ ವಾರಕ್ಕೆ ಎರಡು ದಿನ, ಸುಡದ ಕಸ ತಿಂಗಳಿಗೆ ಎರಡು ಸಲ, ಬಾಟ್ಲಿ, ಡಬ್ಬ, ಪೇಪರ್ ಬೇರೆ ದಿನ, ಎಲ್ಲಾ ಬೆಳಗ್ಗೆ 8ರ ಒಳಗೆ, ಅದೂ ಬಲೆ ಕೆಳಗೆ, ಇಲ್ಲಾಂದ್ರೆ ಕಾಗೆ ಬಂದು ಬೀದಿ ತುಂಬ ಹರಡತ್ತೆ. ಒಂದ್ಸಲ ತಪ್ಪು ದಿನ ಇಟ್ಟ ನನ್ನ ಚೀಲಕ್ಕೆ ಸ್ಟಿಕರ್ ಅಂಟಿಸಿ ಅಲ್ಲೇ ಬಿಟ್ಟು ಹೋಗಿದ್ರು, ಸಾಯಂಕಾಲ ಬಂದು ನೋಡಿ ತುಂಬಾ ನಾಚಿಕೆ ಆಯ್ತು, ಎತ್ಕೊಂಡು ಒಳಗೆ ಹೋದೆ. 7 ಚದರ ಮೀಟರಲ್ಲಿ ಮೂರು ದಿನ ಆ ಚೀಲದ ಜೊತೆ ಇದ್ದಾಗ ಕ್ಯಾಲೆಂಡರ್ ಬಾಯಿಪಾಠ ಆಗತ್ತೆ. ದೊಡ್ಡ ಸಾಮಾನು ಬಿಸಾಕೋದಾದ್ರೆ ಮೊದಲೇ ಬುಕ್ ಮಾಡಿ, ಅಂಗಡೀಲಿ 200 ಅಥವಾ 300 ಯೆನ್ನಿನ ಚೀಟಿ ಬೇಕಾದಷ್ಟು ಕೊಂಡು ಅಂಟಿಸ್ಬೇಕು, ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಎಸಿ ಆದ್ರೆ ಅದಕ್ಕೂ ಆಗಲ್ಲ, 2001ರಿಂದ ಬೇರೆ ಕಾನೂನು, ರೀಸೈಕಲ್ ದುಡ್ಡು ನಾವೇ ಕಟ್ಬೇಕು. ಹೀಗಾಗಿ ಒಂದು ವಸ್ತು ತರೋ ಮೊದಲು ಅದು ಯಾವ ಕಸ ಅಂತ ಯೋಚನೆ ಮಾಡೋ ಅಭ್ಯಾಸ ಬಂದಿದೆ. ಸುಮ್ನೆ ಕೊಡ್ತೀನಿ ಅಂದ ಕುರ್ಚಿನ ಬೇಡ ಅಂದಿದೀನಿ.

ಚಳಿಗಾಲದ್ದು ಜಾಸ್ತಿ ಹೇಳಲ್ಲ. ಒಂದೇ ಪದರದ ಗಾಜು, ಬೆಳಗ್ಗೆ ಕಿಟಕಿ ಒಳಗಡೆಯಿಂದ ನೀರು ಇಳೀತಿರತ್ತೆ, ಅದನ್ನ ದಿನಾ ಒರೆಸ್ಬೇಕು, ಬೂಷ್ಟಿನ ಪಾಠ ಕಲಿತವನಿಗೆ ಅದು ಹೇಳಿ ಕೊಡ್ಬೇಕಾಗಿಲ್ಲ. ಬಿಸಿ ನೀರು ತುಂಬೋ ಯುತಾನ್ಪೋ ಅನ್ನೋ ಬಾಟ್ಲಿಯನ್ನ ಕಾಲ ಹತ್ರ ಇಟ್ಕೊಂಡ್ರೆ ಬೆಳಗಿನವರೆಗೂ ಸಾಕು.

ಕಾಂಟ್ರಾಕ್ಟ್ ಎರಡು ವರ್ಷದ್ದು. 2026ರ ಮಾರ್ಚಿಗೆ ಮುಗಿಯತ್ತೆ, ಮುಂದುವರಿಸ್ಬೇಕಾದ್ರೆ ಟೋಕಿಯೋ ಪದ್ಧತಿ ಪ್ರಕಾರ ಒಂದು ತಿಂಗಳ ಬಾಡಿಗೆ ರಿನ್ಯೂವಲ್ ಫೀ, 36,000. ಮೊದಲ ತಿಂಗಳಿಂದಾನೇ 1,500 ಯೆನ್ ಬೇರೆ ಡಬ್ಬೀಲಿ ಹಾಕ್ತಾ ಬಂದಿದೀನಿ, 24 ತಿಂಗಳಿಗೆ ಸರಿಯಾಗಿ ಅಷ್ಟೇ ಆಗತ್ತೆ. ಡಬ್ಬಿಯಲ್ಲಿ ಚಿಲ್ಲರೆ ಕೂಡಿದಾಗ ದೊಡ್ಡ ನೋಟು ಮಾಡ್ತೀನಿ, 2024ರ ಜುಲೈಯಲ್ಲಿ ಬಂದ ಹೊಸ 10,000ದ ನೋಟು, ಅದ್ರ ಮೇಲಿರೋ ಹಳೇ ಕಾಲದ ಉದ್ಯಮಿ ಶಿಬುಸಾವಾ ಎಯಿಚಿ ಇದ್ದಿದ್ದು ಇದೇ ವಾರ್ಡಿನ ಅಸುಕಾಯಾಮಾದಲ್ಲಿ, ವಾರ್ಡ್ ಆಫೀಸಿಗೆ ಹೋದಾಗ ಆ ಪಾರ್ಕಿಗೂ ಹೋಗಿ ಕೂತು ಬಂದಿದ್ದೆ. ಡಬ್ಬಿಯಲ್ಲಿ ಈಗ ಅಂಥ ಎರಡು ನೋಟು ಮತ್ತೆ ಸ್ವಲ್ಪ ಚಿಲ್ಲರೆ ಇದೆ.

ಇವತ್ತು ನಾಲ್ಕು ದಿನದ ಮಳೆ ಬಿಟ್ಟು ಬಿಸಿಲು ಬಂದಿದೆ. ಬೆಳಗ್ಗೇನೇ ಸುನೋಕೋ ಹಲಗೆ ಎತ್ತಿ ಗೋಡೆಗೆ ಒರಗಿಸಿದೆ, ಕೆಳಗೆ ತತಾಮಿ ಮೇಲೆ ಅಂಗೈ ಇಟ್ಟು ನೋಡಿದೆ, ಒಣಗಿದೆ. ಹಾಸಿಗೆ ಕಿಟಕಿ ಕಂಬಿ ಮೇಲೆ ಹಾಕಿ ದೊಡ್ಡ ಕ್ಲಿಪ್ ಸಿಗಿಸಿದೀನಿ. ಕೆಳಗಿಂದ ಓಯಾ-ಸಾನ್ ತಲೆ ಎತ್ತಿ ನೋಡಿ, ಮೂರು ಗಂಟೆ ಒಳಗೆ ತೆಗ್ದುಬಿಡು, ಆಮೇಲೆ ತೇವ ಕೂರತ್ತೆ ಅಂದ್ರು. ಈಗ ಎರಡೂ ಮುಕ್ಕಾಲು.